ಅಭ್ಯಾಸ ಆತೇನ?

ಧಾರವಾಡಕ್ಕೆ ಬಂದು ಮೂರನೇ ದಿನ. ರೂಮಿನ ಹೊಸ್ತಿಲ ಮೇಲೆ ಕೂತು ಮಳೆ ನೋಡುತ್ತಿದ್ದೆ. ಮನೆಯ ಓನರ್ ಒಬ್ಬರು ವಯಸ್ಸಾದ ಅಜ್ಜಿ. ಓಣಿಯವರೆಲ್ಲ ಅವರನ್ನು ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಅನ್ನತೊಡಗಿದ್ದೆ. ದೇವರ ಮುಂದೆ ದೀಪ ಹಚ್ಚಿ ಪಡಸಾಲೆಗೆ ಬಂದ ಆಯಿ ನನ್ನ ಮುಖ ನೋಡಿ ಕೇಳಿದರು, “ಅಭ್ಯಾಸ ಆತೇನಬೇ?”

ನನಗೆ ಗಂಟಲು ಕಟ್ಟಿತು. ಮೂರು ದಿನದಲ್ಲಿ ಇಷ್ಟು ಅಕ್ಕರೆಯಿಂದ ಯಾರೂ ವಿಚಾರಿಸಿರಲಿಲ್ಲ. “ಇನ್ನೂ ಇಲ್ಲ ಆಯಿ. ಒಂದು ತಿಂಗಳಾದ್ರೂ ಬೇಕು ಅನ್ಸುತ್ತೆ” ಅಂದೆ.

“ಒಂದ್ ತಿಂಗಳಾ?” ಆಯಿ ಗಾಬರಿಯಾದರು. “ಹಂಗ ಒಟ್ಟಿ ಇಟ್ಕೋಬಾರದವಾ. ಅವತ್ತಿಂದ ಅವತ್ತ ಮಾಡಿ ಮುಗಿಸ್ಬೇಕು.”

ಒಳಗೆ ನನ್ನ ರೂಮ್‌ಮೇಟ್ ಬಿದ್ದು ಬಿದ್ದು ನಗುತ್ತಿದ್ದಳು. ಆ ಕಡೆ ಅಭ್ಯಾಸ ಅಂದರೆ ಓದು. ಅಭ್ಯಾಸ ಮಾಡೋದು ಅಂದರೆ ಪುಸ್ತಕ ತೆಗೆದು ಕೂರೋದು. ನಾನು ಕೊಳ್ಳೇಗಾಲದ ಕಡೆಯವಳು. ನಮ್ಮಲ್ಲಿ ಅಭ್ಯಾಸ ಅಂದರೆ ರೂಢಿ. ಚಳಿ ಅಭ್ಯಾಸ ಆಗುತ್ತೆ, ಅತ್ತೆ ಮನೆ ಅಭ್ಯಾಸ ಆಗುತ್ತೆ. ಆಯಿ ಕೇಳಿದ್ದು ಇವತ್ತಿನ ಪಾಠ ಓದಿ ಮುಗಿಸಿದೆಯಾ ಅಂತ. ನಾನು ಹೇಳಿದ್ದು ಬೇರೆಯೇ ಕಥೆ.

ಇದು 2018ರ ಆಗಸ್ಟ್ ತಿಂಗಳ ಮಾತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರದ ಎಂಎಗೆ ಸೇರಿದ್ದೆ. ಪಕ್ಕದಲ್ಲೇ ಇರೋ ಮೈಸೂರು ಬಿಟ್ಟು ಹತ್ತಿರ ಹತ್ತಿರ 500 ಕಿಲೋಮೀಟರ್ ಆಚೆ ಯಾಕೆ ಹೋಗ್ತೀಯ ಅಂತ ಊರಲ್ಲಿ ಕೇಳದವರಿಲ್ಲ. ಕಾರಣ ಹೇಳಿದರೆ ನಗುತ್ತಾರೆ ಅಂತ ಹೇಳುತ್ತಿರಲಿಲ್ಲ. ಕಾರಣ ಒಂದು ಕಲ್ಲು. ನಮ್ಮೂರ ಕಾಲುವೆ ದಂಡೆಯಲ್ಲಿ ಅವ್ವ ಬಟ್ಟೆ ಒಗೆಯುವ ಚಪ್ಪಡಿಯ ಮೇಲೆ ಸವೆದ ಅಕ್ಷರಗಳಿವೆ. ಸೋಪಿನ ನೊರೆ ಆ ಗೀರುಗಳೊಳಗೆ ಕೂತಾಗ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತಿತ್ತು. ಚಿಕ್ಕವಳಿದ್ದಾಗ ಅದನ್ನೇ ನೋಡುತ್ತಾ ಕೂರುತ್ತಿದ್ದೆ. ಏನು ಬರೆದಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನಿಧಿ ಇರೋ ಜಾಗ ಅಂತ ಕೆಲವರು, ಯಾರೋ ಕೊಟ್ಟ ಶಾಪ ಅಂತ ಕೆಲವರು. ಡಿಗ್ರಿಯಲ್ಲಿ ಇತಿಹಾಸದ ಮೇಷ್ಟ್ರು, “ಕಲ್ಲು ಓದೋದು ಕಲೀಬೇಕು ಅಂದ್ರೆ ಧಾರವಾಡಕ್ಕೆ ಹೋಗು” ಅಂದಿದ್ದರು. ಅಷ್ಟೇ.

ಮೈಸೂರಿಂದ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಧಾರವಾಡದಲ್ಲಿ ಇಳಿದೆವು. ಅಪ್ಪ ಜೊತೆಗಿದ್ದರು. ಒಂದು ಬ್ಯಾಗು, ಒಂದು ಹಾಸಿಗೆ ಸುರುಳಿ, ಐದು ಕೆಜಿ ರಾಗಿ ಹಿಟ್ಟು. ಅಡ್ಮಿಷನ್‌ಗೆ ಮಾರ್ಕ್ಸ್ ಕಾರ್ಡು, ಟಿಸಿ, ಜಾತಿ-ಆದಾಯ ಪ್ರಮಾಣಪತ್ರ, ಫೋಟೋ, ಎಲ್ಲದಕ್ಕೂ ಮೂರು ಮೂರು ಜೆರಾಕ್ಸ್. ಎಲ್ಲಾ ಇತ್ತು, ಒಂದು ಬಿಟ್ಟು. ಬೇರೆ ವಿಶ್ವವಿದ್ಯಾಲಯದಿಂದ ಬರುವವರು ವಲಸೆ ಪ್ರಮಾಣಪತ್ರ ತರಬೇಕು, ಮೈಗ್ರೇಶನ್ ಸರ್ಟಿಫಿಕೇಟು. ಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿದ್ದರು, ನಾನೇ ಓದಿರಲಿಲ್ಲ. ಆಮೇಲೆ ತಂದುಕೊಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟು ಸೀಟು ಉಳಿಸಿಕೊಂಡೆ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗೋರು ಡಿಗ್ರಿ ರಿಸಲ್ಟ್ ಬಂದ ವಾರವೇ ಇದಕ್ಕೊಂದು ಅರ್ಜಿ ಹಾಕಿಬಿಡಿ, ನನ್ನ ಹಾಗೆ ಆರು ತಿಂಗಳು ಫೋನ್ ಮಾಡ್ತಾ ಕೂರಬೇಡಿ. ಒಂದು ತಮಾಷೆ ಆಮೇಲೆ ಗೊತ್ತಾಯಿತು. ಈ ವಿಶ್ವವಿದ್ಯಾಲಯವೇ ವಲಸೆ ಬಂದದ್ದು. 1949ರಲ್ಲಿ ಶುರುವಾದದ್ದು ಮುಂಬೈಯಲ್ಲಿ, ಧಾರವಾಡಕ್ಕೆ ಬಂದದ್ದು ಮರುವರ್ಷ. ಅದರ ಹತ್ತಿರ ಮೈಗ್ರೇಶನ್ ಯಾರು ಕೇಳಿದರೋ.

ಹಾಸ್ಟೆಲ್ ಅರ್ಜಿಯ ತಾರೀಕನ್ನೂ ಇದೇ ಗಡಿಬಿಡಿಯಲ್ಲಿ ದಾಟಿಸಿಕೊಂಡಿದ್ದೆ. ಹಾಗಾಗಿ ಸಪ್ತಾಪುರದಲ್ಲಿ ರೂಮು. ಸಪ್ತಾಪುರ ಅಂದರೆ ಕೋಚಿಂಗ್ ಸೆಂಟರುಗಳ ಜಾತ್ರೆ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಗೋಡೆ ತುಂಬ ಬೋರ್ಡು. ಎಂಎ ಮಾಡ್ತೀನಿ ಅಂದರೆ ಅಲ್ಲಿ ಯಾರೂ ಅದನ್ನೊಂದು ಕೆಲಸ ಅಂತ ಎಣಿಸುವುದಿಲ್ಲ. “ಅದು ಸರಿ, ಕ್ಲಾಸ್ ಯಾವ್ದು ಹಚ್ಚೀರಿ?” ಅಂತ ಕೇಳುತ್ತಾರೆ.

ಈ ಹಚ್ಚೋದು ನನ್ನನ್ನು ಸಾಕುಸಾಕು ಮಾಡಿತು. ನಮ್ಮ ಕಡೆ ಹಚ್ಚೋದು ದೀಪ, ಇಲ್ಲಾ ಒಲೆ. ಇಲ್ಲಿ ಕೋಚಿಂಗ್ ಕ್ಲಾಸ್ ಹಚ್ಚುತ್ತಾರೆ, ಮೆಸ್ ಹಚ್ಚುತ್ತಾರೆ, ಗಾಡಿ ಮೂಲೆಗೆ ಹಚ್ಚುತ್ತಾರೆ. ಮೊದಲ ದಿನ ರೂಮ್‌ಮೇಟ್ “ಮನಿಗೆ ಫೋನ್ ಹಚ್ಚಿದೇನು?” ಅಂದಾಗ ನಾನು ಮೊಬೈಲ್ ತೆಗೆದು ಟಾರ್ಚ್ ಆನ್ ಮಾಡಿ ಕೊಟ್ಟೆ. ಅವಳು ಗದಗ ಜಿಲ್ಲೆ ರೋಣದ ಕಡೆಯವಳು, ನನ್ನದೇ ಕ್ಲಾಸು. ನನ್ನನ್ನು ಎರಡು ವರ್ಷ ತಡಕೊಂಡಳು.

ಮೆಸ್ ಹಚ್ಚಿದೆ. ಓಣಿಯ ತುದಿಯಲ್ಲಿ ಒಂದು ಖಾನಾವಳಿ. ನಾನೂ ಅಪ್ಪನೂ ಅಲ್ಲಿ ಮೊದಲ ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಎಣ್ಣೆಗಾಯಿ ಬದನೆಕಾಯಿ, ಒಂದು ಕಟ್ಟು ಹಸಿ ಮೆಂತ್ಯದ ಸೊಪ್ಪು, ಹೆಚ್ಚದೆ ಬೇಯಿಸದೆ ಹಾಗೇ. ಬಡಿಸುವ ಅಕ್ಕ ಬಂದು, “ಶೇಂಗಾ ಹಿಂಡಿ ಹಾಕ್ಲೇನ್ರಿ?” ಅಂದರು. ಅಪ್ಪ ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ. ನಮ್ಮ ಮನೆಯಲ್ಲಿ ಹಿಂಡಿ ತಿನ್ನೋದು ಹಸು. ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುತ್ತಲ್ಲ, ಅದು. ಅಪ್ಪ ಮೆಲ್ಲಗೆ, “ಬ್ಯಾಡಿ ತಾಯಿ” ಅಂದರು. ಪಕ್ಕದ ತಟ್ಟೆಯಲ್ಲಿ ಕೆಂಪಗೆ ಒಂದು ಪುಡಿ, ಅದರ ಮೇಲೆ ಮೊಸರು, ತಿನ್ನುವವನ ಮುಖದಲ್ಲಿ ಪರಮಾನಂದ. ಹಿಂಡಿ ಅಂದರೆ ಶೇಂಗಾ ಚಟ್ನಿಪುಡಿ ಅಂತ ತಿಳಿದದ್ದು ಅಪ್ಪ ಊರು ಸೇರಿದ ಮೇಲೆ. ಈಗಲೂ ಆ ಒಂದು ಚಮಚ ಕಳೆದುಕೊಂಡದ್ದಕ್ಕೆ ಅಪ್ಪ ಬೇಜಾರು ಮಾಡಿಕೊಳ್ಳುತ್ತಾರೆ.

ರೊಟ್ಟಿ ಒಂದು ವಾರ ಚೆನ್ನಾಗಿತ್ತು. ಎಂಟನೇ ದಿನ ಮುದ್ದೆ ಬೇಕು ಅನ್ನಿಸಿತು. ಹಸಿವು ಅಲ್ಲ, ಹೊಟ್ಟೆ ತುಂಬಿಯೂ ತುಂಬದ ಹಾಗೆ. ರೂಮಿನ ಕರೆಂಟ್ ಒಲೆ ಮೇಲೆ ಎಸರಿಟ್ಟು ಹಿಟ್ಟು ಸುರಿದೆ. ಮುದ್ದೆಕೋಲು ಇರಲಿಲ್ಲ. ಸ್ಟೀಲ್ ಸೌಟಿನಲ್ಲಿ ತಿರುವಿದ್ದಕ್ಕೆ ಸೌಟು ಬಾಗಿತು, ಮುದ್ದೆ ಗಂಟಾಯಿತು. ರೋಣದವಳು ಒಂದು ತುಣುಕು ಬಾಯಿಗಿಟ್ಟು ಅಗಿದಳು. ಅಗಿದಳು. “ಇದು ಮುಗಿಯೂದು ಯಾವಾಗ?” ಅಂತ ಕೇಳಿದಳು. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಹೇಳಿಕೊಡಲು ಹೋಗಿ ಅವಳಿಗೆ ಬಿಕ್ಕಳಿಕೆ ಹತ್ತಿತು. ಆಮೇಲೆ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಲಟ್ಟಣಿಗೆ ಕೊಂಡು ಅದನ್ನೇ ಕೋಲು ಮಾಡಿಕೊಂಡೆ. ಬುಧವಾರ ರಾತ್ರಿ ಮುದ್ದೆ ಅಂತ ನಿಯಮವಾಯಿತು.

ಮಳೆಯ ಬಗ್ಗೆ ಜಾಸ್ತಿ ಹೇಳೋದಿಲ್ಲ. ಧಾರವಾಡದ ಮಳೆ ಸುರಿಯುವುದಿಲ್ಲ, ಕೂತುಬಿಡುತ್ತದೆ. ಒಗೆದ ಬಟ್ಟೆ ನಾಲ್ಕು ದಿನ ಒಣಗುವುದಿಲ್ಲ. ಒಳಗೆ ಹಗ್ಗ ಕಟ್ಟಿ ಫ್ಯಾನ್ ಹಾಕಿದರೆ ರೂಮೆಲ್ಲ ಮುಗ್ಗಲು ವಾಸನೆ. ಕೆಸರಿಗೆ ಅಲ್ಲಿ ರಾಡಿ ಅಂತಾರೆ. ನೋಡಿದ ಮೇಲೆ ಆ ಶಬ್ದವೇ ಸರಿ ಅನ್ನಿಸಿತು. ಅಪ್ಪ ರೈಲು ಹತ್ತುವ ಮುಂಚೆ ಹೇಳಿದ ಬುದ್ಧಿಮಾತು ಒಂದೇ, “ಕೊಡೆ ಮರೀಬ್ಯಾಡ.”

ಕ್ಲಾಸಿನಲ್ಲಿ ನನ್ನ ಕಷ್ಟ ಬೇರೆ. ಮೊದಲ ವಾರ ಎಲ್ಲರೂ ಎದ್ದು ನಿಂತು ಪರಿಚಯ ಹೇಳಬೇಕಿತ್ತು. ಹವ್ಯಾಸ ಏನು ಅಂದರು. ನಾನು ಸಲೀಸಾಗಿ, “ಆಡು ಏಳೋದು” ಅಂದೆ. ನಮ್ಮೂರ ಕಡೆ ಹಕಾರ ನಾಲಿಗೆಗೆ ಬರುವುದಿಲ್ಲ. ಹಾಲು ಆಲಾಗುತ್ತೆ, ಹೂವು ಊವಾಗುತ್ತೆ. ಹಾಡು ಹೇಳೋದು ಅಂತ ನಾನು ಹೇಳಿದ್ದು. ಹಿಂದಿನ ಬೆಂಚಿನಿಂದ ಯಾರೋ, “ಆಡು ಎದ್ದು ಎಲ್ಲಿ ಹೊಂಟತ್ರೀ?” ಅಂದರು. ಇಡೀ ಕ್ಲಾಸು ನಕ್ಕಿತು. ಕೆಟ್ಟ ನಗುವಲ್ಲ ಅದು, ಈಗ ಗೊತ್ತು. ಅವತ್ತು ಮಾತ್ರ ಕಿವಿ ಬಿಸಿಯಾಗಿತ್ತು.

ಅಲ್ಲಿಂದ ಮೂರು ವಾರ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟರೂ ಹುಷಾರಾಗಿ ಹಕಾರ ಹುಡುಕಿ ಹುಡುಕಿ ಹಾಕುತ್ತಿದ್ದೆ. ಅದು ಇನ್ನೂ ಎಡವಟ್ಟು. ಬೇಡದ ಕಡೆಯೂ ಹಕಾರ ಬರತೊಡಗಿತು. ಮೆಸ್ಸಿನಲ್ಲಿ ಒಮ್ಮೆ, “ಅಕ್ಕಾ, ಸ್ವಲ್ಪ ಹನ್ನ ಹಾಕಿ” ಅಂದೆ. ಆ ಅಕ್ಕ ಪಾಪ, “ಹಣ್ಣು ಇಲ್ರೀ ಇವತ್ತ” ಅಂದರು.

ಇನ್ನು ಈ ‘ರೀ’. ನಮ್ಮ ಕಡೆ ಹೆಂಡತಿ ಗಂಡನನ್ನು ರೀ ಅನ್ನುತ್ತಾಳೆ. ಇಲ್ಲಿ ಇಪ್ಪತ್ತೊಂದು ವರ್ಷದ ಹುಡುಗ, “ನೋಟ್ಸ್ ಕೊಡ್ರೀ” ಅಂದರೆ ಹೇಗಾಗಬೇಡ? ಆಯಿ ಮಾತ್ರ ನನಗೆ ‘ಬೇ’ ಅನ್ನುತ್ತಿದ್ದರು. ಅದು ಬೈಗುಳ ಅಂದುಕೊಂಡು ಎರಡು ದಿನ ಮುನಿಸಿಕೊಂಡಿದ್ದೆ. ರೋಣದವಳು ಅವಳ ಅವ್ವನಿಗೆ ಫೋನಿನಲ್ಲಿ, “ಹೂಂಬೇ, ಉಂಡೇನಬೇ” ಅನ್ನೋದು ಕೇಳಿಸಿಕೊಂಡ ಮೇಲೆ ಸಮಾಧಾನ.

ಹೊಸ ಜಾಗದಲ್ಲಿ ಕಷ್ಟ ಆಗೋದು ಪಾಠ ಅಲ್ಲ, ಊಟ ಅಲ್ಲ. ಸಂಜೆ ಐದರಿಂದ ಎಂಟರ ತನಕದ ಹೊತ್ತು. ಬೆಳಿಗ್ಗೆ ಓಡಾಟದಲ್ಲಿ ಕಳೆಯುತ್ತೆ, ರಾತ್ರಿ ನಿದ್ದೆ ಬರುತ್ತೆ. ಈ ಮೂರು ಗಂಟೆ ಇದೆಯಲ್ಲ, ಊರಲ್ಲಿ ಅದು ದನ ಮನೆಗೆ ಬರೋ ಹೊತ್ತು, ಅವ್ವ ಒಲೆ ಹಚ್ಚೋ ಹೊತ್ತು, ಅಕ್ಕಪಕ್ಕದವರು ಜಗಲಿ ಮೇಲೆ ಕೂರೋ ಹೊತ್ತು. ಇಲ್ಲಿ ಆ ಹೊತ್ತಿಗೆ ನನಗೆ ಹೆಸರೇ ಇರಲಿಲ್ಲ. ಸುಮ್ನೆ ಮೊಬೈಲ್ ತಿಕ್ಕುತ್ತಾ ದಿನಕ್ಕೆ ಸಿಗೋ ಡೇಟಾ ಪೂರ್ತಿ ಖಾಲಿ ಮಾಡುತ್ತಿದ್ದೆ.

ನಾಗರ ಪಂಚಮಿ ಬಂತು. ಆ ವರ್ಷ ಆಗಸ್ಟ್ 15ಕ್ಕೇ ಬಿದ್ದಿತ್ತು. ನಮ್ಮಲ್ಲಿ ಹುತ್ತಕ್ಕೆ ತನಿ ಎರೆದರೆ ಹಬ್ಬ ಮುಗೀತು. ಈ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ, ಜೋಕಾಲಿ ಕಟ್ಟುವ ಹಬ್ಬ. ಎರಡು ದಿನ ಮೊದಲೇ ಓಣಿ ಖಾಲಿಯಾಯಿತು. ರೋಣದವಳೂ ಹೋದಳು. ರಜೆಗೆ ಇಲ್ಲಿ ಸೂಟಿ ಅಂತಾರೆ. “ಸೂಟಿಗೆ ನೀವು ಊರಿಗೆ ಹೊಂಟಿಲ್ಲೇನ್ರಿ?” ಅಂತ ಎಲ್ಲರೂ ಕೇಳಿದರು. ಹೋಗಿ ಬರೋದರಲ್ಲೇ ಸೂಟಿ ಮುಗಿಯುತ್ತಿತ್ತು. 14ನೇ ತಾರೀಕು ಸಂಜೆ ಮೆಸ್ಸಿನಲ್ಲಿ ಉಳಿದ ನಾಲ್ಕೈದು ಜನ ಟಿವಿ ಮುಂದೆ ನಿಂತಿದ್ದರು. ಮಹದಾಯಿ ನ್ಯಾಯಮಂಡಳಿ ತೀರ್ಪು ಬಂದಿತ್ತು. ಒಬ್ಬರಿಗೆ ಖುಷಿ, ಇನ್ನೊಬ್ಬರಿಗೆ ಸಾಲದು ಅಂತ ಸಿಟ್ಟು. ನನಗೆ ನೀರಿನ ಜಗಳ ಅಂದರೆ ಕಾವೇರಿ ಒಂದೇ. ಹದಿನೈದು ವರ್ಷ ಶಾಲೆ ಕಾಲೇಜಲ್ಲಿ ಬಂದ್ ಅಂದರೆ ಅದೇ. ಇಲ್ಲಿಯವರಿಗೂ ಒಂದು ನದಿ ಇದೆ, ಅದಕ್ಕೂ ಬಂದ್ ಆಗುತ್ತೆ, ನಾನು ಅದರ ಬಗ್ಗೆ ಒಂದು ಸಾಲೂ ಓದಿಲ್ಲ. ತಟ್ಟೆ ಹಿಡಿದು ಮಾತಾಡದೆ ಕೇಳಿಸಿಕೊಂಡೆ.

ಮರುದಿನ ಮೆಸ್ ಬಂದ್. ಬಿಸ್ಕತ್ತಿನಲ್ಲಿ ದಿನ ತಳ್ಳೋಣ ಅಂತಿದ್ದೆ. ಹತ್ತು ಗಂಟೆಗೆ ಆಯಿ ಬಾಗಿಲು ಬಡಿದರು. ತಟ್ಟೆ ತುಂಬ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಪುಟಾಣಿ ಹಿಟ್ಟಿನ ಉಂಡಿ. “ಯಾರ ಮನಿ ಹೆಣ್ಣಮಗಳರ ಆಗ್ಲಿ, ಪಂಚಮಿ ದಿನ ಬಿಸ್ಕೀಟ್ ತಿಂತಾಳೇನಬೇ?” ಅಂದರು. ಹಿತ್ತಲ ಮಾವಿನ ಮರಕ್ಕೆ ಅವರ ಮೊಮ್ಮಕ್ಕಳು ಜೋಕಾಲಿ ಕಟ್ಟಿದ್ದರು. ಹತ್ತು ಹದಿನೈದು ಸಲ ಜೀಕಿದೆ. ಅವತ್ತು ಸಂಜೆ ಐದು ಗಂಟೆ ಯಾವಾಗ ದಾಟಿತೋ ನೋಡಲಿಲ್ಲ.

ಆಮೇಲೆ ಆ ಮೂರು ಗಂಟೆಗೂ ಒಂದು ದಾರಿ ಸಿಕ್ಕಿತು. ಕ್ಲಾಸು 4:30ಕ್ಕೆ ಮುಗಿದರೆ ನೇರ ಬಸವನಾಳ ಗ್ರಂಥಾಲಯ. ಅದು ವಿಶ್ವವಿದ್ಯಾಲಯದ ದೊಡ್ಡ ಲೈಬ್ರರಿ. ಮಳೆ ಇಲ್ಲದಿದ್ದರೆ ಗುಡ್ಡದ ಮೇಲೆ ಅಡ್ಡಾಟ. ಕ್ಯಾಂಪಸ್ ಇರೋದು ಛೋಟಾ ಮಹಾಬಳೇಶ್ವರ ಅನ್ನೋ ಗುಡ್ಡದ ಮೇಲೆ. ಗಡಿಯಾರ ಗೋಪುರದ ಮುಖ್ಯ ಕಟ್ಟಡದ ಮುಂದೆ ನಿಂತರೆ ಊರು ಕೆಳಗೆ ಮರಗಳೊಳಗೆ ಅಡಗಿರುತ್ತೆ. ಒಂದು ಕಡೆ ಹಸಿರು ಮಲೆನಾಡಿನ ಸೆರಗು, ಇನ್ನೊಂದು ಕಡೆ ಹೋದರೆ ಎರೆ ಭೂಮಿ. ರೋಣದವಳು ಮಳೆ ನಿಂತ ಸಂಜೆಗಳಲ್ಲಿ ಗಿರಮಿಟ್ ಮಿರ್ಚಿಗೆ ಎಳೆದುಕೊಂಡು ಹೋಗುತ್ತಿದ್ದಳು. ಮಂಡಕ್ಕಿಗೆ ಹುಳಿ ಬೆಲ್ಲ ಉಳ್ಳಾಗಡ್ಡಿ ಕಲಸಿ ಕೊಡುತ್ತಾರೆ, ಜೊತೆಗೆ ಬೆರಳುದ್ದದ ಮೆಣಸಿನಕಾಯಿ ಬಜ್ಜಿ. ಪೇಢೆಗಿಂತ ನನಗೆ ಇದೇ ಇಷ್ಟ. ಧಾರವಾಡದವರು ಬೈಯಬೇಡಿ.

ಓದಿನ ಕಡೆ ಮೊದಲ ಟೆಸ್ಟಿನಲ್ಲಿ ಅರ್ಧದಷ್ಟು ಅಂಕವೂ ಬರಲಿಲ್ಲ. ಡಿಗ್ರಿಯಲ್ಲಿ ನಾನು ಕಾಲೇಜಿಗೇ ಮೊದಲಿಗಳು. ಗೈಡ್ ಓದಿ ಹತ್ತು ಅಂಕದ ಪ್ರಶ್ನೆಗೆ ನಾಲ್ಕು ಪುಟ ತುಂಬಿಸೋದು ಅಷ್ಟೇ ಗೊತ್ತಿತ್ತು. ಇಲ್ಲಿ ಒಂದು ಸಣ್ಣ ಶಾಸನದ ಅಚ್ಚು ಕೊಟ್ಟು, ಓದಿ, ಕಾಲ ಅಂದಾಜು ಮಾಡಿ ಅಂದರು. ಗೈಡ್ ಎಲ್ಲಿಂದ ತರೋದು? ಬ್ರಾಹ್ಮಿ ಲಿಪಿಯಿಂದ ಶುರು ಮಾಡಿದೆವು. ಕ ಅಂದರೆ ಕೂಡಿಸುವ ಚಿಹ್ನೆ, ಗ ಅಂದರೆ ಗುಡಿಸಲ ಮಾಡು, ಠ ಅಂದರೆ ಬರೀ ಒಂದು ಸೊನ್ನೆ. ಬಾಕಿ ಅಕ್ಷರಗಳೆಲ್ಲ ಗುರುತು ಸಿಗದಷ್ಟು ಬದಲಾದರೂ ಠ ಮಾತ್ರ ಎರಡು ಸಾವಿರ ವರ್ಷದಿಂದ ಗುಂಡಗೇ ಉಳಿದಿದೆ. ನನಗೆ ಅದರ ಮೇಲೆ ವಿಶೇಷ ಪ್ರೀತಿ. ನಾವಿಬ್ಬರೂ ರೂಮಿನ ಹಾಲು, ಗ್ಯಾಸು, ರೊಟ್ಟಿ ಲೆಕ್ಕವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಆಯಿ ಅದನ್ನು ಯಾವುದೋ ಯಂತ್ರ ಅಂದುಕೊಂಡು ಕೆಲವು ದಿನ ರೂಮಿಗೆ ಕಾಲಿಡಲಿಲ್ಲ. ತಿಂಗಳೊಳಗೆ ಕಣ್ಣು ಪಳಗಿತು.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಕ್ಲಾಸು. ಶಾಸನಗಳ ಭಾಷೆ ಹೇಗೆ ಬದಲಾಗುತ್ತಾ ಬಂತು ಅನ್ನೋ ಪಾಠ. ಹಳೆಗನ್ನಡದ ಪಕಾರ ಮುಂದೆ ಹಕಾರ ಆಯಿತು. ಪೂ ಹೋಗಿ ಹೂ, ಪುಲಿ ಹೋಗಿ ಹುಲಿ, ಪಳ್ಳಿ ಹೋಗಿ ಹಳ್ಳಿ. ಹತ್ತನೇ ಶತಮಾನದ ಆಚೀಚೆ ಕಲ್ಲುಗಳಲ್ಲಿ ಈ ಬದಲಾವಣೆ ಕಾಣತೊಡಗುತ್ತೆ. ಒಂದೇ ಕಲ್ಲಿನಲ್ಲಿ ಎರಡೂ ಇರೋದುಂಟು, ಕೆತ್ತಿದವನಿಗೇ ಯಾವುದು ಸರಿ ಅಂತ ಗೊತ್ತಿಲ್ಲದ ಹಾಗೆ. ಸರ್ ಬೋರ್ಡಿನ ಮೇಲೆ ‘ಪಾಲ್’ ಅಂತ ಬರೆದು, ಬಾಣ ಎಳೆದು, ‘ಹಾಲು’ ಅಂತ ಬರೆದರು. ಆಮೇಲೆ ನನ್ನ ಕಡೆ ತಿರುಗಿದರು.

“ನಿಮ್ಮೂರಾಗ ಹಾಲಿಗೆ ಏನಂತಾರ್ರೀ?”

ಹಿಂದಿನ ಬೆಂಚು ಆಗಲೇ ನಗಲು ತಯಾರಾಗಿತ್ತು. ನಾನು ಸಣ್ಣ ದನಿಯಲ್ಲಿ, “ಆಲು ಸರ್” ಅಂದೆ.

ಸರ್ ನಗಲಿಲ್ಲ. ‘ಹಾಲು’ ಮುಂದೆ ಇನ್ನೊಂದು ಬಾಣ ಎಳೆದು ‘ಆಲು’ ಅಂತ ಬರೆದರು. “ಪ ಹೋಗಿ ಹ ಬಂತು, ಹ ಹೋದ್ರ ಏನ ಉಳೀತದ? ಇದು. ನಾವು ನಡುವ ನಿಂತೀವಿ, ಇವರ ಊರು ಒಂದ್ ಹೆಜ್ಜಿ ಮುಂದ ಹೋಗೇದ” ಅಂದು ಮುಂದಿನ ಉದಾಹರಣೆಗೆ ಹೋದರು. ಅಷ್ಟೇ, ಅರ್ಧ ನಿಮಿಷದ ಮಾತು. ಆ ಪುಟ ನನ್ನ ನೋಟ್ಸಿನಲ್ಲಿ ಇನ್ನೂ ಇದೆ. ಎರಡು ಬಾಣಕ್ಕೂ ಕೆಂಪು ಪೆನ್ನಿನಲ್ಲಿ ತಿದ್ದಿದ್ದೇನೆ. ಅವತ್ತು ಮೆಸ್ಸಿಗೆ ಹೋಗಿ ಜೋರಾಗಿಯೇ, “ಅಕ್ಕಾ, ಇಂಡಿ ಆಕಿ” ಅಂದೆ.

ನವೆಂಬರ್ ಒಂದಕ್ಕೆ ಆಯಿ ಹೋಳಿಗೆ ಮಾಡಿದ್ದರು. ರಾಜ್ಯೋತ್ಸವಕ್ಕೆ ಮನೆಯಲ್ಲಿ ಹೋಳಿಗೆ ಮಾಡೋದು ನಾನು ನೋಡಿದ್ದು ಅಲ್ಲೇ ಮೊದಲು. ಉಣ್ಣುತ್ತಾ ಕೂತಾಗ ಆಯಿ, “ನೀವೇನವಾ, ಮೊದಲಿಂದ್ಲೂ ಮೈಸೂರ ಸೀಮಿ ಮಂದಿ. ನಾವು ಮುಂಬೈ ಇಲಾಖಾದವ್ರು. ಆಗ ನನಗ ಹದಿನೆಂಟು. ನಮ್ಮ ಮಂದಿ ಒಂದಾಗ್ಬೇಕಂತ ಎಷ್ಟ್ ಬಡದಾಡಿದ್ರು” ಅಂದರು. ಧಾರವಾಡದಲ್ಲಿ ಏಕೀಕರಣ ಅನ್ನೋದು ಪುಸ್ತಕದ ಪಾಠ ಅಲ್ಲ. 1890ರಲ್ಲಿ ಕನ್ನಡಕ್ಕಾಗಿ ಶುರುವಾದ ವಿದ್ಯಾವರ್ಧಕ ಸಂಘದ ಮುಂದೆಯೇ ದಿನಾ ಜನ ತರಕಾರಿ ಚೀಲ ಹಿಡಿದು ಓಡಾಡುತ್ತಾರೆ. ಎಲ್ಲರ ಮನೆಯಲ್ಲೂ ಆ ಕಾಲದ ಒಬ್ಬ ಅಜ್ಜ ಇರುತ್ತಾನೆ.

ನಾನು ಹೇಳಿದೆ. “ಇಲ್ಲ ಆಯಿ. ಕೊಳ್ಳೇಗಾಲ ಮೈಸೂರಲ್ಲಿ ಇರಲಿಲ್ಲ. 1956ರ ತನಕ ನಮ್ದು ಮದ್ರಾಸು, ಕೊಯಮತ್ತೂರು ಜಿಲ್ಲೆ. ನಮ್ಮ ತಾತ ಕೋರ್ಟು ಕಚೇರಿ ಅಂದ್ರೆ ಕೊಯಮತ್ತೂರಿಗೆ ಹೋಗಿ ಬರ್ತಿದ್ರಂತೆ.”

ಆಯಿ ಹೋಳಿಗೆ ಹರಿಯುತ್ತಿದ್ದ ಕೈ ನಿಲ್ಲಿಸಿದರು. “ಹೌದಾ? ನೀವೂ ಆಚಿ ಕಡೆಯವ್ರ ಏನು ಹಂಗಾದ್ರ!” ಅಂದು ತಟ್ಟೆಗೆ ಇನ್ನೊಂದು ಹೋಳಿಗೆ, ಅದರ ಮೇಲೆ ಎರಡು ಚಮಚ ತುಪ್ಪ ಸುರಿದರು. ಆಮೇಲೆ ಒಂದು ಗಂಟೆ ಹಳೇ ಕಥೆ. ಒಂದಾದ ಮೇಲೂ ರಾಜ್ಯಕ್ಕೆ ಮೈಸೂರು ಅಂತಲೇ ಹೆಸರಿಟ್ಟಿದ್ದು ಆಯಿಗೆ ಈಗಲೂ ಸಿಟ್ಟು. ಕರ್ನಾಟಕ ಅಂತ ಆದದ್ದು 1973ರಲ್ಲಿ. “ನಮ್ಮ ಯುನಿವರ್ಸಿಟಿಗೆ ಅದಕಿಂತ ಮೊದಲ ಕರ್ನಾಟಕ ಅಂತ ಹೆಸರಿತ್ತು ನೋಡು” ಅಂತ ಗೆದ್ದವರ ಹಾಗೆ ಹೇಳಿದರು.

ದೀಪಾವಳಿಗೆ ಊರಿಗೆ ಹೋದೆ. ‘ಚಾ’ ಅಂದದ್ದಕ್ಕೆ ತಮ್ಮ ನಾಲ್ಕು ದಿನ ಆಡಿಕೊಂಡ. ವಾಪಸ್ ಬರುವಾಗ ಮರದ ಮುದ್ದೆಕೋಲು ತಂದೆ. ಆ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಹೊಸ ಚಿಗರಿ ಬಸ್ಸುಗಳು ಓಡಾಡುತ್ತಿದ್ದವು. ಜನವರಿಯಲ್ಲಿ 84ನೇ ಸಾಹಿತ್ಯ ಸಮ್ಮೇಳನ ಧಾರವಾಡದಲ್ಲೇ ಆಯಿತು, ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ, ಚಂದ್ರಶೇಖರ ಕಂಬಾರರ ಅಧ್ಯಕ್ಷತೆಯಲ್ಲಿ. ಮೂರೂ ದಿನ ಹೋದೆವು. ಭಾಷಣಕ್ಕಿಂತ ಪುಸ್ತಕದ ಮಳಿಗೆಗಳಲ್ಲೇ ಜಾಸ್ತಿ ಹೊತ್ತು ಕಳೆದದ್ದು ನಿಜ. ಕಿಸೆಯಲ್ಲಿದ್ದ ಮೆಸ್ಸಿನ ದುಡ್ಡೂ ಅಲ್ಲೇ ಹೋಯಿತು. ಫೆಬ್ರವರಿಯಲ್ಲಿ ವಲಸೆ ಪ್ರಮಾಣಪತ್ರ ಬಂತು. ಕೌಂಟರಿನಲ್ಲಿದ್ದವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಅಂತೂ ಬಂದ್ರಿ ನೋಡ್ರಿ ಈಗ ಧಾರವಾಡಕ್ಕ” ಅಂದು ಸೀಲು ಒತ್ತಿದರು.

ಎರಡನೇ ಸೆಮಿಸ್ಟರಿನಲ್ಲಿ ಲಕ್ಕುಂಡಿಗೆ ಕರೆದೊಯ್ದರು. ಅತ್ತಿಮಬ್ಬೆಯ 1007ರ ಶಾಸನದ ಮುಂದೆ ನಿಂತು ಮೊದಲ ಸಲ ಒಂದು ಇಡೀ ಸಾಲನ್ನು ಯಾರ ಸಹಾಯವೂ ಇಲ್ಲದೆ ಓದಿದೆ. ನಿಧಾನಕ್ಕೆ, ಒಂದನೇ ಕ್ಲಾಸಿನ ಮಗುವಿನ ಹಾಗೆ ಬೆರಳಿಟ್ಟು. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಅಚ್ಚು ತೆಗೆಯುವ ಹಾಗಿಲ್ಲ. ಆ ಕೆಲಸ ಕಲಿತದ್ದು ಧಾರವಾಡದ ಹತ್ತಿರದ ಒಂದು ಹಳ್ಳಿಯ ಹನುಮಪ್ಪನ ಗುಡಿ ಮುಂದೆ, ಊರ ಹಿರಿಯರನ್ನು ಕೇಳಿ, ಒಂದು ವೀರಗಲ್ಲಿನ ಮೇಲೆ.

ಅದಕ್ಕೆ ಪಡಿಯಚ್ಚು ಅಂತಾರೆ. ಮೊದಲು ಕಲ್ಲಿನ ಪಾಚಿ, ಎಣ್ಣೆ ಜಿಡ್ಡು ತಿಕ್ಕಿ ತೊಳೆಯಬೇಕು. ಅರ್ಧ ದಿನ ಅದಕ್ಕೇ ಹೋಗುತ್ತೆ. ಆಮೇಲೆ ಕಾಗದ ನೀರಲ್ಲಿ ನೆನೆಸಿ ಕಲ್ಲಿಗೆ ಹಾಸಬೇಕು. ಒಳಗೆ ಗಾಳಿ ಉಳಿಯಬಾರದು. ನಡುವಿನಿಂದ ಅಂಚಿನ ಕಡೆಗೆ ಬಿರುಸು ಕೂದಲ ಬ್ರಷ್ಷಿನಿಂದ ತಟ್ಟುತ್ತಾ ಹೋಗಬೇಕು. ಮೆಲ್ಲಗೆ ತಟ್ಟಿದರೆ ಕಾಗದ ಅಕ್ಷರದೊಳಗೆ ಇಳಿಯೋದಿಲ್ಲ, ಜೋರಾಗಿ ತಟ್ಟಿದರೆ ಹರಿಯುತ್ತೆ. ನಂದು ಎರಡು ಸಲ ಹರಿಯಿತು. ಆಮೇಲೆ ಕಾಯಬೇಕು. ಕಾಗದ ಪೂರಾ ಒದ್ದೆ ಇದ್ದರೆ ಮಸಿ ಹರಡುತ್ತೆ, ಪೂರಾ ಒಣಗಿದರೆ ಕಲ್ಲು ಬಿಟ್ಟು ಎದ್ದುಬಿಡುತ್ತೆ. ನಡುವೆ ಒಂದು ಹೊತ್ತಿದೆ, ಅದು ಗಡಿಯಾರದಲ್ಲಿ ಗೊತ್ತಾಗೋದಿಲ್ಲ, ಅಂಗೈ ಇಟ್ಟರೆ ಗೊತ್ತಾಗುತ್ತೆ. ಆಗ ಬಟ್ಟೆ ಉಂಡೆಗೆ ಕಪ್ಪು ಮಸಿ ತಾಗಿಸಿ ಹಗುರಾಗಿ ಒತ್ತುತ್ತಾ ಹೋಗಬೇಕು. ಉಬ್ಬಿದ ಕಡೆ ಕಪ್ಪಾಗುತ್ತೆ, ತಗ್ಗಿನಲ್ಲಿರೋ ಅಕ್ಷರ ಬೆಳ್ಳಗೆ ಉಳಿಯುತ್ತೆ. ಮೂರನೇ ಕಾಗದದಲ್ಲಿ ಮೊದಲ ಅಕ್ಷರ ಬೆಳ್ಳಗೆ ಎದ್ದಾಗ ನನಗೆ ನೆನಪಾದದ್ದು ಅವ್ವನ ಸೋಪಿನ ನೊರೆ.

ಮೊದಲ ವರ್ಷ ಮುಗಿದು ಬೇಸಿಗೆ ಸೂಟಿಗೆ ಊರಿಗೆ ಹೋದಾಗ ಬ್ಯಾಗಿನಲ್ಲಿ ಬ್ರಷ್ಷು, ಮಸಿ, ಕಾಗದ ಇತ್ತು. ಕಾಲುವೆಯಲ್ಲಿ ನೀರು ಬಿಟ್ಟಿರಲಿಲ್ಲ. ಬೆಳಿಗ್ಗೆ ಆರಕ್ಕೇ ಹೋಗಿ ಕಲ್ಲು ತಿಕ್ಕಿದೆ. ವರ್ಷಗಟ್ಟಲೆ ಸೋಪು ಬಿದ್ದ ಕಲ್ಲು ವೀರಗಲ್ಲಿಗಿಂತ ಚೊಕ್ಕಟವಾಗಿತ್ತು. ತಮ್ಮ ಬಿಂದಿಗೆಯಲ್ಲಿ ನೀರು ಹೊತ್ತು ಕೊಟ್ಟ. ಅಚ್ಚು ಒಂದೇ ಸಲಕ್ಕೆ ಚೆನ್ನಾಗಿ ಬಂತು. ಆರು ಸಾಲು, ಎಡ ಅಂಚು ಒಡೆದಿದೆ, ನಡುವೆ ಸವೆದಿದೆ. ನೆರಳಲ್ಲಿ ಹಾಸಿ ಮೊದಲ ಸಾಲಿಗೆ ಬೆರಳಿಟ್ಟೆ.

ಓದೋಕೆ ಆಗಲಿಲ್ಲ. ಎರಡನೇ ಸಾಲೂ ಆಗಲಿಲ್ಲ. ಅರ್ಧ ಗಂಟೆ ಕೂತ ಮೇಲೆ ಹೊಳೆಯಿತು. ಅದು ಕನ್ನಡ ಅಲ್ಲವೇ ಅಲ್ಲ. ತಮಿಳು. ಹನ್ನೊಂದನೇ ಶತಮಾನದಲ್ಲಿ ನಮ್ಮ ಕಡೆ ಚೋಳರ ಆಳ್ವಿಕೆ. ತಲಕಾಡಿನ ಸುತ್ತ ತಮಿಳು ಶಾಸನಗಳಿವೆ ಅಂತ ನಾನೇ ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ಮನೆಯ ಕಲ್ಲಿಗೆ ಮಾತ್ರ ಆ ಯೋಚನೆ ಬಂದಿರಲಿಲ್ಲ.

ಅವ್ವ ಬಟ್ಟೆ ಗಂಟು ಹೊತ್ತು ಬಂದು ಹಿಂದೆ ನಿಂತಿದ್ದಳು. “ಏನ್ ಬರ್ದದೆ ಅದ್ರಲ್ಲಿ?”

“ಗೊತ್ತಿಲ್ಲ ಕಣವ್ವ. ತಮಿಳು.”

“ಒಂದ್ ವರ್ಸ ಓದಿದ್ದು ಇದ್ಕಾ?”

“ಧಾರವಾಡಕ್ಕೆ ತಕ್ಕೊಂಡ್ ಹೋಗಿ ಕೇಳ್ಬೇಕು.”

ಅವ್ವ ಕಲ್ಲಿನ ಮೇಲೆ ಉಳಿದಿದ್ದ ಮಸಿ ನೋಡಿದಳು, ಗಂಟು ನೋಡಿದಳು. “ಅದೇನಾರ ಕೇಳ್ಕ. ಮೊದ್ಲು ಆ ಮಸಿ ತೊಳುದ್ಬುಡು, ನಿಮ್ಮಪ್ಪನ ಬಿಳಿ ಪಂಚೆ ಅದೆ ಇದ್ರಲ್ಲಿ.”